ಪೋಕರ್ ಅಫಿಲಿಯೇಟ್ ಕಮಿಷನ್: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್ ಪೋಕರ್ ತಾಣಗಳಿಗೆ ಆಟಗಾರರನ್ನು ಕಳುಹಿಸಿ ಕಮಿಷನ್ ಪಡೆಯುವ ಅಫಿಲಿಯೇಟ್ ವ್ಯವಹಾರದ ಬಗ್ಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡದ ಯುವಕರು ಈಗಲೂ ವಿಚಾರಿಸುತ್ತಾರೆ. ಕೆಲವರು 2025ಕ್ಕೆ ಮೊದಲು ಯೂಟ್ಯೂಬ್ ಚಾನೆಲ್ ನಡೆಸಿ ನಾಲ್ಕು ಕಾಸು ಕಂಡವರು. ಕೆಲವರಿಗೆ ಟೆಲಿಗ್ರಾಮ್‌ನಲ್ಲಿ ಹೊಸದಾಗಿ ಆಹ್ವಾನ ಬಂದಿದೆ. ಇನ್ನು ಕೆಲವರು ವೆಬ್ ಹೋಸ್ಟಿಂಗ್, ಸಾಫ್ಟ್‌ವೇರ್, ಪುಸ್ತಕಗಳಂತಹ ಬೇರೆ ಸರಕಿನ ಅಫಿಲಿಯೇಟ್‌ಗಳು. ಕಮಿಷನ್ ಮಾದರಿಗಳೆಲ್ಲ ಚೆನ್ನಾಗಿ ಪಳಗಿರುವುದು ಪೋಕರ್‌ನಲ್ಲಿ ಎಂದು ಕೇಳಿ ಲೆಕ್ಕ ಕಲಿಯಲು ಬಂದವರು. ಈ ಮೂರನೆಯವರಿಗೆ ಕೆಳಗಿನದು ಹೆಚ್ಚು ಉಪಯೋಗಕ್ಕೆ ಬಂದೀತು. ಉಳಿದ ಎರಡು ಬಗೆಯವರು ಮೊದಲ ಉತ್ತರವನ್ನು ಓದದೆ ಮುಂದೆ ಹೋಗಬೇಡಿ.

ಭಾರತದಲ್ಲಿ ಕುಳಿತು ಪೋಕರ್ ಅಫಿಲಿಯೇಟ್ ಕೆಲಸ ಮಾಡಬಹುದೇ?

ಭಾರತದ ಆಟಗಾರರನ್ನು ಹಣದ ಪೋಕರ್‌ಗೆ ಕಳುಹಿಸುವ ಕೆಲಸವಾದರೆ, ಇಲ್ಲ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ಒದಗಿಸುವುದಷ್ಟೇ ಅಲ್ಲ, ಅದರ ಜಾಹೀರಾತು ಮಾಡುವುದೂ ಈ ಕಾಯ್ದೆಯಲ್ಲಿ ಅಪರಾಧ. ಜಾಹೀರಾತಿಗೆ 2 ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಟವನ್ನು ಒದಗಿಸಿದವರಿಗೆ ಇದು 3 ವರ್ಷ ಮತ್ತು 1 ಕೋಟಿಯವರೆಗೆ ಹೋಗುತ್ತದೆ. ಅಫಿಲಿಯೇಟ್ ಲಿಂಕ್ ಎಂದರೆ ಜಾಹೀರಾತೇ; ಅದಕ್ಕೆ ‘ವಿಮರ್ಶೆ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ. ತಾಣ ವಿದೇಶದಲ್ಲಿದೆ ಎಂಬ ಸಮಾಧಾನವೂ ನಡೆಯದು. ಹೊರದೇಶದಿಂದ ಭಾರತೀಯರಿಗೆ ಒದಗಿಸುವ ಆಟಗಳಿಗೂ ಕಾಯ್ದೆ ಅನ್ವಯಿಸುತ್ತದೆ.

ಪೋಕರ್ ಕೌಶಲದ ಆಟ ಎಂದು ಹೈಕೋರ್ಟುಗಳು ಹೇಳಿದ್ದವಲ್ಲ?

ಹೇಳಿದ್ದವು. ಗಡಿಯಲ್ಲಿರುವ ನಮಗೆ ಈ ಕಥೆ ಎರಡೂ ಕಡೆಯಿಂದ ಗೊತ್ತು. ಕೇರಳ ಸರ್ಕಾರ 2021ರ ಫೆಬ್ರವರಿಯಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು; ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದು ಮಾಡಿತು. ತಲಪಾಡಿಯ ಆಚೆ, ಕರ್ನಾಟಕದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿಯನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿ 14ರಂದು ತಳ್ಳಿಹಾಕಿತು. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾನೂನಿನಿಂದ ರಮ್ಮಿ ಮತ್ತು ಪೋಕರ್‌ಗಳನ್ನು ಹೊರಗಿಟ್ಟಿತು. ಈ ತೀರ್ಪುಗಳೆಲ್ಲ ನಿಂತಿದ್ದದ್ದು ಕೌಶಲ ಮತ್ತು ಅದೃಷ್ಟದ ನಡುವಿನ ಗೆರೆಯ ಮೇಲೆ. 2025ರ ಕೇಂದ್ರ ಕಾಯ್ದೆ ಆ ಗೆರೆಯನ್ನೇ ಅಳಿಸಿತು: ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ, ಪಣಕ್ಕೆ ಹಣ ಇದ್ದರೆ ನಿಷಿದ್ಧ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ ನಿಜ. ಅರ್ಜಿ ಹಾಕಿದವರಲ್ಲಿ ದೊಡ್ಡ ಕಂಪನಿಗಳಿವೆ, ಅವರ ಬಳಿ ವಕೀಲರ ದಂಡೇ ಇದೆ. ಅವರ ಧೈರ್ಯವನ್ನು ಸಾಲ ತಂದು ನೀವು ಲಿಂಕ್ ಹಂಚಬೇಡಿ.

ಕೇರಳ ಲಾಟರಿಯನ್ನು ಬಸ್ ನಿಲ್ದಾಣದಲ್ಲಿ ಕೂಗಿ ಮಾರುತ್ತಾರೆ. ಪೋಕರ್ ಮಾತ್ರ ಏಕೆ ಬೇಡ?

ಕಾಸರಗೋಡಿನವರು ಮಾತ್ರ ಕೇಳಬಲ್ಲ ಪ್ರಶ್ನೆ. ಕೇರಳ ಲಾಟರಿ 1967ರಿಂದ ರಾಜ್ಯ ಸರ್ಕಾರವೇ ನಡೆಸುತ್ತಿರುವ ಕಾಗದದ ಲಾಟರಿ. ಅದರ ಮೇಲೆ ಕೇಂದ್ರದ 1998ರ ಲಾಟರಿ ಕಾಯ್ದೆ ಇದೆ. ಅದನ್ನು ಆನ್‌ಲೈನ್‌ನಲ್ಲಿ ಮಾರುವಂತಿಲ್ಲ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ನಿಷಿದ್ಧ. ನ್ಯಾಯದ ದೃಷ್ಟಿಯಿಂದ ಇದು ಸರಿಯೇ ಎಂದು ಕೇಳಿದರೆ ವಾದಕ್ಕೆ ಬಹಳ ಅವಕಾಶವಿದೆ, ಕಾನೂನಿನ ದೃಷ್ಟಿಯಿಂದ ಇಲ್ಲ.

ಒಂದು ಸಂಗತಿ ಮಾತ್ರ ನಮ್ಮ ವಿಷಯಕ್ಕೆ ಬೇಕಾದದ್ದು. ಲಾಟರಿ ಏಜೆಂಟರಿಗೆ ಎರಡು ಕಡೆಯಿಂದ ಆದಾಯ: ಟಿಕೆಟ್ ಮಾರಿದಾಗ ಸಿಗುವ ಅಂತರ ಒಂದು, ತಾವು ಮಾರಿದ ಟಿಕೆಟಿಗೆ ಬಹುಮಾನ ಬಂದರೆ ಅದರಲ್ಲಿ ಸಿಗುವ ಪಾಲು ಇನ್ನೊಂದು. ಅಂದರೆ ಖಚಿತವಾದ ಸಣ್ಣ ಮೊತ್ತ, ಮತ್ತು ಬಂದರೆ ಬಂತು ಎಂಬ ದೊಡ್ಡ ಮೊತ್ತ. ಹೈಬ್ರಿಡ್ ಕಮಿಷನ್ ಎಂದು ಅಫಿಲಿಯೇಟ್‌ಗಳು ಕರೆಯುವುದು ಹೆಚ್ಚುಕಡಿಮೆ ಇದನ್ನೇ.

ಪೋಕರ್ ತಾಣಕ್ಕೆ ಹಣ ಎಲ್ಲಿಂದ ಬರುತ್ತದೆ? ಅಫಿಲಿಯೇಟ್‌ಗೆ ಕೊಡುವುದು ಯಾವುದರಿಂದ?

ಜಾತ್ರೆಯ ಬದಿಯ ಉಲಾಯಿ-ಪಿದಾಯಿ (ಅಂದರ್-ಬಾಹರ್) ಇಸ್ಪೀಟ್ ಜೂಜಿನಲ್ಲಿ ಆಡಿಸುವವನೇ ನಿಮ್ಮ ಎದುರಾಳಿ. ಪೋಕರ್‌ನಲ್ಲಿ ಹಾಗಲ್ಲ. ಆಟಗಾರರು ತಮ್ಮತಮ್ಮಲ್ಲೇ ಆಡುತ್ತಾರೆ. ತಾಣ ಮೇಜು ಹಾಕಿಕೊಟ್ಟದ್ದಕ್ಕೆ ಪ್ರತಿ ಪಣದ ರಾಶಿಯಿಂದ ಒಂದು ಚೂರು ತೆಗೆದುಕೊಳ್ಳುತ್ತದೆ. ಆ ಚೂರಿಗೆ ರೇಕ್ ಎಂದು ಹೆಸರು. ಸಾಮಾನ್ಯವಾಗಿ ರಾಶಿಯ ಶೇಕಡಾ 5ರ ಆಸುಪಾಸು, ಅದಕ್ಕೊಂದು ಗರಿಷ್ಠ ಮಿತಿ. ಟೂರ್ನಮೆಂಟ್ ಆದರೆ ಪ್ರವೇಶಧನದ ಜೊತೆಯಲ್ಲೇ ಶುಲ್ಕ: 10 ಡಾಲರ್ ಬಹುಮಾನದ ನಿಧಿಗೆ, 1 ಡಾಲರ್ ತಾಣಕ್ಕೆ.

ಅಫಿಲಿಯೇಟ್‌ನ ಪಾಲು ಈ ರೇಕ್‌ನಿಂದ ಹೊರಡುತ್ತದೆ. ಆದರೆ ಒಂದು ರಾಶಿಯ ರೇಕ್ ಯಾವ ಆಟಗಾರನ ಲೆಕ್ಕಕ್ಕೆ ಸೇರಬೇಕು? ಒಂಬತ್ತು ಮಂದಿಯ ಮೇಜು, 40 ಡಾಲರಿನ ರಾಶಿ, 2 ಡಾಲರ್ ರೇಕ್ ಎಂದಿಟ್ಟುಕೊಳ್ಳಿ. ಏಳು ಮಂದಿ ಎಲೆ ನೋಡಿ ಕೆಳಗಿಟ್ಟರು, ಇಬ್ಬರೇ 20 ಡಾಲರಿನಂತೆ ಹಾಕಿದರು. ಎಲೆ ಹಂಚಿದ ಎಲ್ಲರಿಗೂ ಸಮನಾಗಿ ಹಚ್ಚುವ ತಾಣದಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ 22 ಸೆಂಟ್. ಹಾಕಿದ ಹಣಕ್ಕೆ ತಕ್ಕಂತೆ ಹಚ್ಚುವ ತಾಣದಲ್ಲಿ ಆ ಇಬ್ಬರಿಗೆ ತಲಾ 1 ಡಾಲರ್, ಉಳಿದವರಿಗೆ ಸೊನ್ನೆ. ನೀವು ಕಳುಹಿಸಿದ ಆಟಗಾರ ತಾಳ್ಮೆಯಿಂದ ಎಲೆ ಬಿಡುವವನಾಗಿದ್ದರೆ ಮೊದಲ ಪದ್ಧತಿಯಲ್ಲಿ ನಿಮಗೆ ಲಾಭ, ಎರಡನೆಯದರಲ್ಲಿ ಅವನು ದಿನವಿಡೀ ಆಡಿದರೂ ನಿಮ್ಮ ಖಾತೆ ಅಲ್ಲಾಡುವುದಿಲ್ಲ. ಶೇಕಡಾವಾರು ಒಂದೇ ಇದ್ದರೂ ಎರಡು ತಾಣಗಳ ಪಾವತಿ ಅಜಗಜಾಂತರವಾಗುವುದು ಹೀಗೆ.

ಮುಖ್ಯ ಮಾದರಿಗಳು ಯಾವುವು?

ಮೂರು. ಸಿಪಿಎ ಎಂದರೆ ಆಟಗಾರನೊಬ್ಬನಿಗೆ ಇಷ್ಟು ಎಂದು ಒಂದೇ ಸಲ ಕೊಡುವುದು. ರೆವೆನ್ಯೂ ಶೇರ್ ಎಂದರೆ ಅವನಿಂದ ತಾಣಕ್ಕೆ ಬರುವ ಆದಾಯದಲ್ಲಿ ತಿಂಗಳು ತಿಂಗಳು ಪಾಲು. ಹೈಬ್ರಿಡ್ ಎಂದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ.

ಅಡಿಕೆ ತೋಟದ ಫಸಲನ್ನು ಗುತ್ತಿಗೆಗೆ ಕೊಟ್ಟವರಿಗೆ ಮೊದಲ ಎರಡರ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಗುತ್ತಿಗೆ ಹಣ ಕೈಗೆ ಬಂದ ಮೇಲೆ ಮಳೆ ಹೆಚ್ಚಾಗಿ ಕೊಳೆರೋಗ ಬಂದರೆ ನಷ್ಟ ಗುತ್ತಿಗೆದಾರನದು, ಧಾರಣೆ ಏರಿದರೆ ಲಾಭವೂ ಅವನದೇ. ಸಿಪಿಎ ತೆಗೆದುಕೊಂಡ ಅಫಿಲಿಯೇಟ್ ತನ್ನ ಫಸಲನ್ನು ಹಾಗೆ ಮಾರಿಬಿಟ್ಟಿರುತ್ತಾನೆ.

ಹಾಗಾದರೆ ಯಾವುದು ಒಳ್ಳೆಯದು? ಸುತ್ತಿ ಬಳಸದೆ ಹೇಳಿ.

ಲೆಕ್ಕ ಹಾಕಿಯೇ ಹೇಳಬೇಕಾದ ಮಾತು. ಕೆಳಗಿನ ಅಂಕಿಗಳು ಊಹೆಯವು, ಆದರೆ ಅವುಗಳ ಆಕಾರ ನಿಜ: ಬಹುಪಾಲು ಆಟಗಾರರು ಒಮ್ಮೆ ಹಣ ಹಾಕಿ ಹೋಗಿಬಿಡುತ್ತಾರೆ, ಬೆರಳೆಣಿಕೆಯವರು ಹೆಚ್ಚಿನ ಆದಾಯ ತರುತ್ತಾರೆ.

ಹತ್ತು ಮಂದಿಯನ್ನು ಕಳುಹಿಸಿದಿರಿ. ಒಂದು ವರ್ಷದಲ್ಲಿ ಏಳು ಮಂದಿಯಿಂದ ತಾಣಕ್ಕೆ ತಲಾ 20 ಡಾಲರ್ ಬಂತು, ಇಬ್ಬರಿಂದ ತಲಾ 250, ಒಬ್ಬನಿಂದ 2,400. ಒಟ್ಟು 3,040. ಶೇಕಡಾ 30 ಪಾಲಾದರೆ ನಿಮಗೆ 912 ಡಾಲರ್. ತಲೆಗೆ 100 ಡಾಲರಿನ ಸಿಪಿಎ ಆದರೆ 1,000. ಸಿಪಿಎ ಗೆದ್ದಿತು ಎನ್ನುತ್ತೀರಾ? ಒಪ್ಪಂದದ ಎರಡನೆಯ ಪುಟ ತೆಗೆಯಿರಿ. ‘ಕನಿಷ್ಠ 50 ಡಾಲರ್ ರೇಕ್ ಕೊಟ್ಟ ಆಟಗಾರನನ್ನು ಮಾತ್ರ ಅರ್ಹನೆಂದು ಪರಿಗಣಿಸಲಾಗುವುದು’ ಎಂಬ ಸಾಲು ಅಲ್ಲಿರುತ್ತದೆ. ಏಳು ಮಂದಿ ಉದುರಿದರು. ಉಳಿದದ್ದು ಮೂವರು, 300 ಡಾಲರ್. ಅದೇ ಷರತ್ತಿನ ಮೇಲೆ ತಲೆಗೆ 40 ಡಾಲರ್ ಮತ್ತು ಶೇಕಡಾ 15 ಪಾಲಿನ ಹೈಬ್ರಿಡ್ ಆದರೆ 120 ಮತ್ತು 456 ಸೇರಿ 576.

ಈಗ ಆ 2,400 ತಂದ ಒಬ್ಬನನ್ನು ಲೆಕ್ಕದಿಂದ ತೆಗೆದುಬಿಡಿ. ಪಾಲಿನ ಮೊತ್ತ 912ರಿಂದ 192ಕ್ಕೆ ಇಳಿಯುತ್ತದೆ. ಸಿಪಿಎ 300ರಿಂದ 200ಕ್ಕೆ ಮಾತ್ರ. ಅಂದರೆ ರೆವೆನ್ಯೂ ಶೇರ್ ತೆಗೆದುಕೊಳ್ಳುವವನು ಆ ಒಬ್ಬ ಸಿಗುತ್ತಾನೆ ಎಂದು ಪಣ ಕಟ್ಟಿರುತ್ತಾನೆ. ವರ್ಷಕ್ಕೆ ಸಾವಿರ ಮಂದಿಯನ್ನು ಕಳುಹಿಸುವ ಅಫಿಲಿಯೇಟ್‌ಗೆ ಅಂಥವರು ಸಿಕ್ಕೇ ಸಿಗುತ್ತಾರೆ. ಹತ್ತು ಮಂದಿಯನ್ನು ಕಳುಹಿಸುವವನಿಗೆ ಅದು ಅದೃಷ್ಟದ ಮಾತು. ಜುಗಾರಿ ಆಡುವುದಿಲ್ಲ ಎಂದು ಹೇಳಿಕೊಳ್ಳುವ ಅಫಿಲಿಯೇಟ್ ತಾನೇ ಆಡುತ್ತಿರುತ್ತಾನೆ, ಅಷ್ಟೇ.

ನನ್ನ ತೀರ್ಮಾನ: ಓದುಗರು ಕಡಿಮೆ ಇದ್ದು ಕೈಯಲ್ಲಿ ಬಂಡವಾಳವಿಲ್ಲದಿದ್ದರೆ, ಅಥವಾ ಜಾಹೀರಾತಿಗೆ ಹಣ ಸುರಿದು ಜನರನ್ನು ತರುತ್ತಿದ್ದರೆ, ಅರ್ಹತೆಯ ಷರತ್ತು ಸಡಿಲವಾಗಿರುವ ಸಿಪಿಎ. ಓದುಗರು ತಾವಾಗಿ ಬರುತ್ತಿದ್ದು, ವರ್ಷಗಟ್ಟಲೆ ಉಳಿಯುವವರಾಗಿದ್ದು, ಕಂಪನಿ ಗಟ್ಟಿಯಾಗಿದ್ದರೆ ಪಾಲು. ಹೈಬ್ರಿಡ್ ಎಂದರೆ ಸಮಾಧಾನದ ಬಹುಮಾನ ಎಂದು ಹಲವರು ಮೂಗು ಮುರಿಯುತ್ತಾರೆ. ತಿಂಗಳ ಇಂಟರ್‌ನೆಟ್ ಬಿಲ್ಲು ಕಟ್ಟಬೇಕಾದವನಿಗೆ ಅದು ಕೆಟ್ಟ ಆಯ್ಕೆಯಲ್ಲ.

ಶೇಕಡಾ 30 ಎಂದರು, ಕೈಗೆ ಬಂದದ್ದು ಅರ್ಧ. ಮೋಸವೇ?

ಬಹುಮಟ್ಟಿಗೆ ಮೋಸವಲ್ಲ, ನೀವು ಓದದೆ ಬಿಟ್ಟ ವ್ಯಾಖ್ಯೆ. ಶೇಕಡಾವಾರು ಕೊಡುವುದು ಒಟ್ಟು ರೇಕ್ ಮೇಲೆ ಅಲ್ಲ, ‘ನಿವ್ವಳ ಆದಾಯ’ದ ಮೇಲೆ. ಒಟ್ಟು ರೇಕ್ 1,000 ಡಾಲರ್ ಎಂದಿಟ್ಟುಕೊಳ್ಳಿ. ಆಟಗಾರರಿಗೆ ಕೊಟ್ಟ ಬೋನಸ್ ಮತ್ತು ರೇಕ್‌ಬ್ಯಾಕ್ (ರೇಕ್‌ನಿಂದ ಆಟಗಾರನಿಗೆ ಮರಳಿಸುವ ಭಾಗ) 300, ತೆರಿಗೆ 100, ಹಣ ಹಾಕುವ ತೆಗೆಯುವ ವೆಚ್ಚ 50. ಉಳಿದದ್ದು 550. ಅದರ ಶೇಕಡಾ 30 ಎಂದರೆ 165. ಒಟ್ಟು ರೇಕ್‌ಗೆ ಹೋಲಿಸಿದರೆ ಶೇಕಡಾ 16.5. ಬೋನಸ್ ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಕಂಪನಿ, ಅದರ ಹೊರೆಯಲ್ಲಿ ಪಾಲು ನಿಮಗೂ. ಇದನ್ನು ಒಪ್ಪಿಕೊಂಡರೂ ಅಡ್ಡಿಯಿಲ್ಲ, ಆದರೆ ತಿಳಿದು ಒಪ್ಪಿಕೊಳ್ಳಿ. ಕಡಿತಗಳಿಗೆ ಮಿತಿ ಬರೆದಿರುವ ಶೇಕಡಾ 25, ಮಿತಿಯಿಲ್ಲದ ಶೇಕಡಾ 40ಕ್ಕಿಂತ ಮೇಲು.

ನೆಗೆಟಿವ್ ಕ್ಯಾರಿಓವರ್ ಎಂದರೇನು?

ಒಂದು ತಿಂಗಳು ನಿಮ್ಮ ಲೆಕ್ಕ ಸೊನ್ನೆಗಿಂತ ಕೆಳಗೆ ಹೋದರೆ ಆ ಬಾಕಿಯನ್ನು ಮುಂದಿನ ತಿಂಗಳಿಗೆ ಎಳೆದು ಅಲ್ಲಿಂದ ಕಳೆಯುವ ಷರತ್ತು. ಕ್ಯಾಸಿನೊ, ಬೆಟ್ಟಿಂಗ್‌ಗಳಲ್ಲಿ ಇದು ದೊಡ್ಡ ತಲೆನೋವು. ಅಲ್ಲಿ ಆಟಗಾರ ಗೆದ್ದರೆ ಕಂಪನಿಗೆ ನಷ್ಟ. ಬರೀ ಪೋಕರ್‌ನಲ್ಲಿ ರೇಕ್‌ಗಿಂತ ಬೋನಸ್ ಮುಂತಾದ ಕಡಿತಗಳು ಹೆಚ್ಚಾದಾಗ ಮಾತ್ರ ಹೀಗಾಗಬಹುದು. ಎಡವಟ್ಟಾಗುವುದು ಒಂದೇ ಕಂಪನಿ ಪೋಕರ್, ಕ್ಯಾಸಿನೊ, ಬೆಟ್ಟಿಂಗ್ ಮೂರನ್ನೂ ಒಂದೇ ಖಾತೆಯಲ್ಲಿ ನಡೆಸುವಾಗ. ನಿಮ್ಮ ಪೋಕರ್ ಆಟಗಾರ ಒಂದು ಸಂಜೆ ಫುಟ್‌ಬಾಲ್ ಮೇಲೆ ಬಾಜಿ ಕಟ್ಟಿ ದೊಡ್ಡದು ಗೆದ್ದರೆ, ಉಳಿದವರೆಲ್ಲ ತಂದ ರೇಕ್ ಕೊಚ್ಚಿಹೋಗುತ್ತದೆ.

‘ಜೀವಮಾನದ ಪಾಲು’ ಎಂದರೆ ಯಾರ ಜೀವಮಾನ?

ಕಂಪನಿಯ, ಅಥವಾ ಕಾನೂನಿನ. ಯಾವುದು ಮೊದಲು ಮುಗಿಯುತ್ತದೋ ಅದರದ್ದು.

2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಹವ್ಯಾಸಿ ಆಟಗಾರ ಆನ್‌ಲೈನ್ ಅರ್ಹತಾ ಸುತ್ತಿನಿಂದ ಬಂದು ಪೋಕರ್ ವಿಶ್ವ ಸರಣಿಯ ಮುಖ್ಯ ಸ್ಪರ್ಧೆ ಗೆದ್ದು 25 ಲಕ್ಷ ಡಾಲರ್ ಪಡೆದ ಮೇಲೆ ಅಮೆರಿಕದಲ್ಲಿ ಆನ್‌ಲೈನ್ ಪೋಕರ್ ಉಕ್ಕಿತು. ಅಫಿಲಿಯೇಟ್‌ಗಳು ಜೀವಮಾನದ ಪಾಲನ್ನು ನಂಬಿ ಕೆಲಸ ಬಿಟ್ಟ ಕಾಲ ಅದು. 2006ರ ಅಕ್ಟೋಬರಿನಲ್ಲಿ ಅಲ್ಲಿ ಪಾವತಿಗಳನ್ನು ತಡೆಯುವ ಕಾನೂನು ಬಂದಾಗ ಪಾರ್ಟಿಪೋಕರ್ ಅಮೆರಿಕದ ಆಟಗಾರರನ್ನು ಕೈಬಿಟ್ಟಿತು. 2011ರ ಏಪ್ರಿಲ್ 15ರಂದು ಅಲ್ಲಿನ ನ್ಯಾಯ ಇಲಾಖೆ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಆಬ್ಸಲ್ಯೂಟ್ ಪೋಕರ್‌ಗಳ ಜಾಲತಾಣಗಳನ್ನು ವಶಪಡಿಸಿಕೊಂಡಿತು. ಫುಲ್ ಟಿಲ್ಟ್‌ನ ಅಮೆರಿಕದ ಆಟಗಾರರಿಗೆ ತಮ್ಮದೇ ಹಣ ಮರಳಲು ಆರಂಭವಾದದ್ದು 2014ರಲ್ಲಿ. ಭಾರತದಲ್ಲಿ 2025ರ ಆಗಸ್ಟಿನಲ್ಲಿ ದೊಡ್ಡ ವೇದಿಕೆಗಳು ಕೆಲವೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಮೂರೂ ಸಲ ಸಿಪಿಎ ತೆಗೆದುಕೊಂಡಿದ್ದವರ ಹಣ ಬ್ಯಾಂಕಿನಲ್ಲಿತ್ತು, ಪಾಲಿಗೆ ಕಾದು ಕುಳಿತವರ ಹಣ ಹಾಳೆಯ ಮೇಲಿತ್ತು. ಕಾನೂನು ಅಲುಗಾಡುತ್ತಿರುವ ಕ್ಷೇತ್ರದಲ್ಲಿ ದೂರದ ಆದಾಯಕ್ಕೆ ನೀವು ಕೊಡುವ ಬೆಲೆ ತಗ್ಗಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಕಾನೂನು ತಂಟೆಗೆ ಬರದಿದ್ದರೂ ಇನ್ನೊಂದು ಕೊಕ್ಕೆ ಇರುತ್ತದೆ. ‘ತಿಂಗಳಿಗೆ ಇಷ್ಟು ಹೊಸ ಆಟಗಾರರು ಬರದಿದ್ದರೆ ಪಾಲು ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ’ ಎಂಬ ಸಾಲನ್ನು ಹುಡುಕಿ. ಇಳಿಕೆ ಹೊಸಬರಿಗೆ ಮಾತ್ರವೋ ಹಳಬರಿಗೂ ಸೇರಿಯೋ ಎಂದು ಕೇಳಿ. ಹಳಬರಿಗೂ ಸೇರಿಯೇ ಎಂದಾದರೆ ಅದಕ್ಕೆ ಜೀವಮಾನದ ಪಾಲು ಎಂಬ ಹೆಸರು ಸಲ್ಲದು.

ಟೆಲಿಗ್ರಾಮ್‌ನಲ್ಲಿ ಶೇಕಡಾ 50 ಪಾಲು, ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯದಲ್ಲಿ ಪಾವತಿ ಎಂದು ಬಂದಿದೆ.

ಅಳಿಸಿ. ಭಾರತದವರನ್ನೇ ಹುಡುಕುತ್ತಿರುವ ಹೊರದೇಶದ ತಾಣ ಎಂದರೆ ಮೊದಲ ಉತ್ತರದ ಅಪರಾಧಕ್ಕೆ ನಿಮ್ಮನ್ನು ಕರೆಯುತ್ತಿದೆ. ಇಷ್ಟು ದೊಡ್ಡ ಪಾಲು ಬರೆಯಲು ಅದಕ್ಕೆ ಏನೂ ಖರ್ಚಿಲ್ಲ, ಏಕೆಂದರೆ ಕೊಡದಿದ್ದರೆ ನೀವು ಯಾವ ನ್ಯಾಯಾಲಯಕ್ಕೂ ಹೋಗುವಂತಿಲ್ಲ. ಕ್ರಿಪ್ಟೊವನ್ನು ರೂಪಾಯಿ ಮಾಡಲು ಅಪರಿಚಿತನಿಗೆ ಮಾರಿದಾಗ ನಿಮ್ಮ ಖಾತೆಗೆ ಬೀಳುವುದು ಎಲ್ಲೋ ಸೈಬರ್ ವಂಚನೆಗೆ ಒಳಗಾದವರ ಹಣವೂ ಆಗಿರಬಹುದು. ಆ ವ್ಯಕ್ತಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಸ್ಥಗಿತವಾಗುವುದು ನಿಮ್ಮ ಖಾತೆ. ಖಾತೆ ಬಿಡಿಸಿಕೊಳ್ಳಲು ದೂರು ದಾಖಲಾದ ರಾಜ್ಯದ ಪೊಲೀಸರ ಜೊತೆ ಪತ್ರವ್ಯವಹಾರ ಮಾಡಬೇಕು. ಮನೆಯ ಅಡಿಕೆ ಮಾರಿದ ಹಣವೂ ಅದೇ ಖಾತೆಯಲ್ಲಿದ್ದರೆ ತಂದೆಗೆ ಏನು ಹೇಳುತ್ತೀರಿ?

ಅಣ್ಣ ದುಬೈಯಲ್ಲಿದ್ದಾನೆ. ಅವನ ಹೆಸರಿನಲ್ಲಿ ಮಾಡಿದರೆ?

ನಮ್ಮಲ್ಲಿ ಮನೆಗೊಬ್ಬ ಅಣ್ಣ ಕೊಲ್ಲಿಯಲ್ಲಿ ಇರುವುದರಿಂದ ಇದು ಎಲ್ಲರಿಗೂ ಹೊಳೆಯುವ ಉಪಾಯ. ಯುಎಇಯಲ್ಲಿ ವಾಣಿಜ್ಯ ಜೂಜಿನ ನಿಯಂತ್ರಣಕ್ಕೆಂದೇ 2023ರಲ್ಲಿ ಪ್ರಾಧಿಕಾರ ಬಂದಿದೆ, ಅದರ ಪರವಾನಗಿ ಇಲ್ಲದ್ದೆಲ್ಲ ಅಲ್ಲಿ ಅಪರಾಧ. ನಿಮ್ಮ ಕಮಿಷನ್ ಆಸೆಗೆ ಅಣ್ಣನ ವೀಸಾಕ್ಕೆ ಸಂಚಕಾರ ತರಬೇಡಿ.

ನನ್ನ ಬರಹ ಇಂಗ್ಲಿಷಿನಲ್ಲಿದೆ, ಓದುಗರು ಬ್ರಿಟನ್, ಕೆನಡಾದವರು. ಆಗಲೂ ಆಗದೇ?

ಬ್ರಿಟನ್‌ನಲ್ಲಿ ಆನ್‌ಲೈನ್ ಪೋಕರ್‌ಗೆ ಪರವಾನಗಿ ವ್ಯವಸ್ಥೆ ಇದೆ, ಅಫಿಲಿಯೇಟ್ ಮಾಡಿದ ತಪ್ಪಿಗೆ ಪರವಾನಗಿದಾರ ಕಂಪನಿಯೇ ಉತ್ತರಿಸಬೇಕು. ಕೆನಡಾದ ಒಂಟಾರಿಯೊ 2022ರ ಏಪ್ರಿಲ್ 4ರಂದು ಖಾಸಗಿ ಕಂಪನಿಗಳಿಗೆ ಮಾರುಕಟ್ಟೆ ತೆರೆಯಿತು. ಅಲ್ಲಿ ಕುಳಿತವರಿಗೆ ಇದು ಮಾಮೂಲಿ ವ್ಯಾಪಾರ. ಆದರೆ ನೀವು ಕುಳಿತಿರುವುದು ಕಾಸರಗೋಡಿನಲ್ಲಿ, ಮತ್ತು ನಮ್ಮ ಕಾಯ್ದೆ ನೆರವು ನೀಡುವುದು, ಪ್ರೇರೇಪಿಸುವುದು ಎಂಬ ಅಗಲವಾದ ಮಾತುಗಳನ್ನು ಬಳಸಿದೆ. ವಕೀಲರ ಲಿಖಿತ ಅಭಿಪ್ರಾಯ ಕೈಯಲ್ಲಿಲ್ಲದೆ ಒಂದು ಲಿಂಕೂ ಹಾಕಬೇಡಿ.

ಹಳೆಯ ವಿಡಿಯೊಗಳಲ್ಲಿ ಲಿಂಕ್ ಹಾಗೆಯೇ ಇದೆ. ಹಳೆಯ ಬಾಕಿಯೂ ಬರಬೇಕಿದೆ.

ಲಿಂಕ್ ಮತ್ತು ಕೂಪನ್ ಕೋಡ್ ಇಂದೇ ತೆಗೆಯಿರಿ. ವಿವರಣೆಯಲ್ಲಿರುವುದನ್ನು ಮಾತ್ರವಲ್ಲ, ಪಿನ್ ಮಾಡಿದ ಕಮೆಂಟಿನಲ್ಲಿರುವುದನ್ನೂ. ವಿಡಿಯೊ ಒಳಗೇ ತಾಣದ ಹೆಸರು ಹೇಳಿ ಕರೆದಿದ್ದರೆ ಆ ಭಾಗವನ್ನು ಕತ್ತರಿಸಿ, ಇಲ್ಲವೇ ವಿಡಿಯೊವನ್ನು ಖಾಸಗಿ ಮಾಡಿ. ಬಾಕಿಯ ವಿಷಯ ಬೇರೆ. ನಿಷೇಧಕ್ಕೆ ಮೊದಲು ಮಾಡಿದ ಕೆಲಸದ ಕಮಿಷನ್‌ಗೆ ಇನ್‌ವಾಯ್ಸ್ ಮತ್ತು ಒಪ್ಪಂದದ ಪ್ರತಿಯೊಂದಿಗೆ ಕಂಪನಿಗೆ ಬರೆಯಿರಿ, ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ತಿಂಗಳವಾರು ಲೆಕ್ಕದ ಸ್ಕ್ರೀನ್‌ಶಾಟ್ ತೆಗೆದಿಡಿ.

ನನ್ನ ಕೆಳಗೆ ಬೇರೆಯವರನ್ನು ಸೇರಿಸಿದರೆ ಅವರ ಗಳಿಕೆಯಲ್ಲೂ ಪಾಲು ಎನ್ನುತ್ತಾರೆ.

ಸಬ್-ಅಫಿಲಿಯೇಟ್ ಪದ್ಧತಿ ಒಂದು ಮಟ್ಟಕ್ಕೆ ನಿಂತರೆ ಮಾಮೂಲಿನದೇ. ಸರಕಿಗಿಂತ ಸದಸ್ಯರನ್ನು ಸೇರಿಸುವುದೇ ಮುಖ್ಯವಾದರೆ ಅದು 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ ಬಾಗಿಲಿಗೆ ಬರುತ್ತದೆ.

ಈ ಲೆಕ್ಕವನ್ನು ಬೇರೆ ಸರಕಿಗೆ ಹೊಂದಿಸುವುದು ಹೇಗೆ?

ಸಲೀಸಾಗಿ ಹೊಂದುತ್ತದೆ. ವೆಬ್ ಹೋಸ್ಟಿಂಗ್ ಕಂಪನಿಗಳು ಹೆಚ್ಚಾಗಿ ಒಂದೇ ಸಲ ದೊಡ್ಡ ಮೊತ್ತ ಕೊಡುತ್ತವೆ. ಅದು ಸಿಪಿಎ, ಅರ್ಹತೆಯ ಷರತ್ತು ಎಂದರೆ ಗ್ರಾಹಕ ಹಣ ವಾಪಸು ಕೇಳುವ ಅವಧಿ ದಾಟಬೇಕು. ತಿಂಗಳ ಚಂದಾದ ಸಾಫ್ಟ್‌ವೇರ್ ಪಾಲು ಕೊಡುತ್ತದೆ. ಅಲ್ಲಿ ಗ್ರಾಹಕ ಸರಾಸರಿ ಎಷ್ಟು ತಿಂಗಳು ಉಳಿಯುತ್ತಾನೆ ಎಂಬ ಒಂದು ಅಂಕಿ ಸಿಕ್ಕರೆ ಉಳಿದದ್ದನ್ನು ನೀವೇ ಗುಣಿಸಿಕೊಳ್ಳಬಹುದು. ಅಂಗಡಿ ತಾಣಗಳಲ್ಲಿ ನೋಡಬೇಕಾದದ್ದು ಕುಕಿ ಅವಧಿ, ಅಂದರೆ ಲಿಂಕ್ ಒತ್ತಿದ ಮೇಲೆ ಎಷ್ಟು ಹೊತ್ತಿನೊಳಗಿನ ಖರೀದಿ ನಿಮ್ಮ ಲೆಕ್ಕಕ್ಕೆ ಸೇರುತ್ತದೆ ಎಂಬುದು. ಅಮೆಜಾನ್‌ನಲ್ಲಿ ಅದು 24 ಗಂಟೆ: ನಿಮ್ಮ ಲಿಂಕ್ ಒತ್ತಿದವರು ನಾಳಿದ್ದು ತಾವಾಗಿ ಹೋಗಿ ಕೊಂಡರೆ ನಿಮಗೆ ಕವಡೆಯೂ ಇಲ್ಲ. ಪುಸ್ತಕ ಕೊಳ್ಳುವವರು ಕೂಡಲೇ ಕೊಳ್ಳುತ್ತಾರೆ, ರೆಫ್ರಿಜರೇಟರ್ ಕೊಳ್ಳುವವರು ಮನೆಮಂದಿಯನ್ನೆಲ್ಲ ಕೇಳಿ ಓಣಂ ರಿಯಾಯಿತಿಗೆ ಕಾಯುತ್ತಾರೆ. ಆದ್ದರಿಂದ ಕಮಿಷನ್ ದರ ಹೆಚ್ಚಿದ್ದರೂ ದುಬಾರಿ ಸರಕಿನಿಂದ ಬರುವುದು ಕಡಿಮೆಯಾಗಬಹುದು.

ಕಮಿಷನ್ ಸಿಗುವ ಲಿಂಕ್ ಎಂದು ಕನ್ನಡದಲ್ಲೇ, ಲಿಂಕ್‌ನ ಪಕ್ಕದಲ್ಲೇ ಬರೆಯಿರಿ. ವಿವರಣೆಯ ತುದಿಯಲ್ಲಿ ಇಂಗ್ಲಿಷಿನ ಒಂದು ಪದ ಅಂಟಿಸಿದರೆ ಕನ್ನಡದ ಪ್ರೇಕ್ಷಕರಿಗೆ ತಿಳಿಸಿದಂತಾಗದು.

ತೆರಿಗೆ?

ಕಮಿಷನ್ ನಿಮ್ಮ ವ್ಯಾಪಾರದ ಆದಾಯ. ಭಾರತದ ಕಂಪನಿಯೊಂದು ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಶೇಕಡಾ 2 ಟಿಡಿಎಸ್ ಹಿಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಹೆಚ್ಚು ಹಿಡಿಯುತ್ತದೆ. ಹಿಡಿದದ್ದು ನಿಮ್ಮ ತೆರಿಗೆ ಖಾತೆಯಲ್ಲಿ ಕಾಣುತ್ತದೆಯೇ ಎಂದು ರಿಟರ್ನ್ ಸಲ್ಲಿಸುವ ಮೊದಲು ನೋಡಿಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಮಂಗಳೂರಿನ ಕಂಪನಿಗೆ ಕಾಸರಗೋಡಿನಿಂದ ಸೇವೆ ಕೊಟ್ಟರೆ ಅಂತರರಾಜ್ಯ ಎಂಬ ಕಾರಣಕ್ಕೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕೆಂದು ಕೆಲವರು ಹೆದರಿಸುತ್ತಾರೆ. ಸೇವೆಗಳಿಗೆ ಆ ಕಟ್ಟಳೆಯಿಂದ 20 ಲಕ್ಷದವರೆಗೆ ವಿನಾಯಿತಿ ಇದೆ. ನೋಂದಣಿಯಾದ ಮೇಲೆ ಇನ್‌ವಾಯ್ಸಿನಲ್ಲಿ ಮಂಗಳೂರಿನವರಿಗೆ ಐಜಿಎಸ್‌ಟಿ, ಕೊಚ್ಚಿಯವರಿಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಬರೆಯಬೇಕು.